ಸಿಟ್ಟು ನೆರೆಯವನ ಮೇಲೆ ಬೇಡ, ಕಣ್ಣು ಪಟ್ಟಿಯ ಮೇಲಿರಲಿ

(ಹಲಸೂರಿನಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಮುಗಿಯಿತು, ಗೆದ್ದವರು ದಿಲ್ಲಿಗೆ ಹೋದರು, ಇನ್ನು ಆ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. 2024ರ ಲೋಕಸಭಾ ಚುನಾವಣೆಯ ಫಲಿತಾಂಶ ಬಂದದ್ದು ಆ ವರ್ಷದ ಜೂನ್ 4ರಂದು. ಅಂದು ಹೊತ್ತಿದ ಜಗಳ ಅಂದೇ ಆರಲಿಲ್ಲ. ಶಿವಾಜಿನಗರದ ಚಹದಂಗಡಿಗಳಲ್ಲಿ, ಹಲಸೂರಿನ ಬಜಾರಿನಲ್ಲಿ, ಕೃಷ್ಣರಾಜಪುರದ ವಠಾರಗಳಲ್ಲಿ ಅದು ಹೊಗೆಯಾಡುತ್ತಲೇ ಇತ್ತು. 2025ರ ಆಗಸ್ಟಿನಲ್ಲಿ ಮತ್ತೆ ಭಗ್ಗನೆ ಹೊತ್ತಿತು. ಜಗಳ ನಾಯಕರು ನಾಯಕರ ನಡುವೆ ಮಾತ್ರ ಇದ್ದರೆ ನಾವು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಒಂದೇ ಪಾಳಿಯಲ್ಲಿ ದುಡಿಯುವ ಇಬ್ಬರ ನಡುವೆ, ಗೋಡೆಗೆ ಗೋಡೆ ತಾಗಿದ ಎರಡು ಅಂಗಡಿಗಳ ನಡುವೆ ಬಂದು ಕೂತಿದೆ. ಆದುದರಿಂದ ಅದನ್ನು ಬಿಚ್ಚಿ ನೋಡಲೇಬೇಕಾಗಿದೆ.

ಮೊದಲು ದೇಶದ ಲೆಕ್ಕ. ಜೂನ್ 1ರ ಸಂಜೆ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದವು. ಆಳುವ ಕೂಟಕ್ಕೆ 350ಕ್ಕೂ ಮೇಲೆ, 400ರ ತನಕ ಬರುತ್ತದೆಂದು ಅವು ಸಾರಿದವು. ಜೂನ್ 3ರಂದು ಷೇರು ಪೇಟೆ ಜಿಗಿಯಿತು; ಮರುದಿನ ಎಣಿಕೆ ಶುರುವಾದಾಗ ಒಂದೇ ದಿನಕ್ಕೆ ಸೂಚ್ಯಂಕ 4 ಸಾವಿರಕ್ಕೂ ಹೆಚ್ಚು ಅಂಶ ಕುಸಿಯಿತು. 2019ರಲ್ಲಿ 303 ಸ್ಥಾನ ಪಡೆದಿದ್ದ ಭಾಜಪಕ್ಕೆ 240 ಬಂತು. ಮಿತ್ರಪಕ್ಷಗಳೂ ಸೇರಿ 293. 52 ಇದ್ದ ಕಾಂಗ್ರೆಸ್ಸು 99ಕ್ಕೆ ಏರಿತು. 2024ರ ಜನವರಿಯಲ್ಲಿ ರಾಮಮಂದಿರದ ಪ್ರತಿಷ್ಠೆ ನಡೆದ ಅಯೋಧ್ಯೆಯಿರುವ ಫೈಜಾಬಾದ್ ಕ್ಷೇತ್ರದಲ್ಲೇ ಭಾಜಪ ಸೋತಿತು. ಅಂದಿನ ವಿಚಿತ್ರ ನೋಡಿ: ಸರಕಾರ ರಚಿಸಲಾಗದವರು ಸಿಹಿ ಹಂಚಿದರು, ಮೂರನೆಯ ಸಲ ಸರಕಾರ ರಚಿಸುವವರು ಮುಖ ಸಪ್ಪಗೆ ಮಾಡಿಕೊಂಡರು.

ಕರ್ನಾಟಕದಲ್ಲಿ ಇದು ತಿರುವುಮುರುವು. ವರ್ಷದ ಹಿಂದಷ್ಟೆ ವಿಧಾನಸಭೆಯನ್ನು ಗೆದ್ದಿದ್ದ ಕಾಂಗ್ರೆಸ್ಸಿಗೆ 28ರಲ್ಲಿ 9 ಸ್ಥಾನ. ಭಾಜಪಕ್ಕೆ 17, ಅದರ ಜತೆಗಾರ ಜನತಾದಳಕ್ಕೆ 2. ಬೆಂಗಳೂರಿನ ಮೂರು ನಗರ ಕ್ಷೇತ್ರಗಳೂ ಗ್ರಾಮಾಂತರವೂ ಭಾಜಪಕ್ಕೇ ಹೋದವು. ಕೃಷ್ಣರಾಜಪುರ ಸೇರಿರುವ ಬೆಂಗಳೂರು ಉತ್ತರದಲ್ಲಿ ಅಂತರ 2,59,476. ಅಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಶಿವಾಜಿನಗರ, ಹಲಸೂರು, ಇಂದಿರಾನಗರ ಸೇರಿರುವ ಬೆಂಗಳೂರು ಕೇಂದ್ರದಲ್ಲಿ ಮಾತ್ರ ಅಂತರ 32,707. ಭಾಜಪದ ಪಿ.ಸಿ. ಮೋಹನ್ ಅವರಿಗೆ 6,58,915 ಮತ, ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಅವರಿಗೆ 6,26,208. ಹೆಚ್ಚಿನ ಸುತ್ತುಗಳಲ್ಲಿ ಮುಂದಿದ್ದ ಹುರಿಯಾಳು ಕೊನೆಕೊನೆಯ ಸುತ್ತುಗಳಲ್ಲಿ ಹಿಂದೆ ಬಿದ್ದರು.

ಇಲ್ಲಿಂದ ಬೈಗುಳ ಶುರುವಾಯಿತು. ಸೋತ ಕಡೆಯವರು ವೈಟ್‌ಫೀಲ್ಡ್ ಕಡೆಯ ಬಡಾವಣೆಗಳನ್ನು ಬೈದರು: ನಿನ್ನೆ ಮೊನ್ನೆ ಬಂದವರು, ನೀರಿನ ಟ್ಯಾಂಕರಿನವನ ಹೆಸರು ಬಿಟ್ಟರೆ ಊರಿನವರ ಹೆಸರೇ ಗೊತ್ತಿಲ್ಲದವರು ನಮ್ಮ ಪ್ರತಿನಿಧಿಯನ್ನು ಆರಿಸಿದರು ಎಂದರು. ಗೆದ್ದ ಕಡೆಯವರು ಶಿವಾಜಿನಗರದ ಓಣಿಗಳನ್ನು ತೋರಿಸಿ, ಅವರೆಲ್ಲ ಒಟ್ಟಾಗಿ ಒಂದೇ ಗುಂಡಿ ಒತ್ತಿದರು ನೋಡಿ ಎಂದರು. ರಸೆಲ್ ಮಾರ್ಕೆಟ್ಟಿನಲ್ಲಿ ಹೂವು ಮಾರುವವನು ಯಾವ ಜಾತಿ, ಕೊಳ್ಳುವವನು ಯಾವ ಮತ ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳದೆ ಇರುವುದರಿಂದಲೇ ಆ ಪೇಟೆ ನಡೆಯುತ್ತದೆ. ಯಾರು ಯಾರಿಗೆ ಓಟು ಹಾಕಿದರೆಂಬ ಊಹೆಯ ಮೇಲೆ ಗಿರಾಕಿ ಅಂಗಡಿ ಬದಲಿಸತೊಡಗಿದರೆ, ದಿಲ್ಲಿಯಲ್ಲಿ ಯಾರು ಕೂತರೂ ಸಂಜೆಗೆ ಗಲ್ಲಾಪೆಟ್ಟಿಗೆ ಬರಿದಾಗುವುದು ನಿಮ್ಮದೇ.

ಇನ್ನು ಕೊನೆಯ ಸುತ್ತುಗಳಲ್ಲಿ ಏನಾಯಿತು ಎಂಬ ಪ್ರಶ್ನೆ. ‘ಯಂತ್ರ ತಿರುಗಿಸಿದರು’ ಎಂಬ ಮಾತು ಆ ಮಧ್ಯಾಹ್ನವೇ ಹುಟ್ಟಿತು. ಎಣಿಕೆಯ ಕ್ರಮವನ್ನು ತಿಳಿದುಕೊಂಡರೆ ಆ ತಿರುವು ಹೇಗೆ ಬಂತೆಂಬುದು ಗೊತ್ತಾಗುತ್ತದೆ. ನಮ್ಮ ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳಿವೆ. ಸಾಮಾನ್ಯವಾಗಿ ಒಂದೊಂದಕ್ಕೆ 14 ಮೇಜು. ಒಂದು ಸುತ್ತಿಗೆ 14 ಮತಗಟ್ಟೆಗಳ ಯಂತ್ರ. ಸಣ್ಣ ಕ್ಷೇತ್ರದ ಎಣಿಕೆ ಬೇಗ ಮುಗಿಯುತ್ತದೆ, ದೊಡ್ಡದರದು ಎಳೆಯುತ್ತದೆ. ನಮ್ಮ ಮಹದೇವಪುರ ಒಂದೇ ಆರೂವರೆ ಲಕ್ಷ ಮತದಾರರ ಕ್ಷೇತ್ರ. ಉಳಿದವು ಮುಗಿದ ಮೇಲೂ ಅದರ ಸುತ್ತುಗಳು ಉಳಿದಿದ್ದವು. ಅಲ್ಲಿ ಭಾಜಪಕ್ಕೆ 2,29,632, ಕಾಂಗ್ರೆಸ್ಸಿಗೆ 1,15,586. ಅಂದರೆ ಅಲ್ಲಿನ ಅಂತರ 1,14,046. ಮಹದೇವಪುರವನ್ನು ಬಿಟ್ಟು ಕೂಡಿದರೆ ಕಾಂಗ್ರೆಸ್ಸು 81 ಸಾವಿರಕ್ಕೂ ಹೆಚ್ಚು ಮತಗಳಿಂದ ಮುಂದಿತ್ತು. ಆದ್ದರಿಂದ ಕೊನೆಗೆ ತಕ್ಕಡಿ ತಿರುಗಿದ್ದಕ್ಕೆ ಮಾಟಮಂತ್ರದ ವಿವರಣೆ ಬೇಕಿಲ್ಲ. ಮಹದೇವಪುರದಲ್ಲಿ ಅಷ್ಟು ಮತ ಹೇಗೆ ಬಂತು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬರುತ್ತೇವೆ.

ಅದಕ್ಕೆ ಮುನ್ನ ಇನ್ನೊಂದು ಲೆಕ್ಕ. ‘ದೇಶವೇ ತಿರುಗಿಬಿತ್ತು’ ಎಂದು ಒಬ್ಬರು, ‘ಕರ್ನಾಟಕವೇ ಕೈಬಿಟ್ಟಿತು’ ಎಂದು ಮತ್ತೊಬ್ಬರು ಹೇಳಿದರು. ನಿಜವಾಗಿ ಭಾಜಪಕ್ಕೆ 2019ರಲ್ಲಿ ದೇಶದಲ್ಲಿ ಬಂದದ್ದು ನೂರಕ್ಕೆ 37ಕ್ಕಿಂತ ತುಸು ಹೆಚ್ಚು ಮತ, 2024ರಲ್ಲಿ ಮೂವತ್ತಾರೂವರೆ. ನೂರರಲ್ಲಿ ಒಂದು ಮತದಷ್ಟು ವ್ಯತ್ಯಾಸ ಆಗಿರಬಹುದು, ಹೋದದ್ದು 63 ಸ್ಥಾನ. ಕರ್ನಾಟಕದಲ್ಲಿ ಭಾಜಪಕ್ಕೆ ನೂರಕ್ಕೆ 46, ಕಾಂಗ್ರೆಸ್ಸಿಗೆ 45ಕ್ಕಿಂತ ತುಸು ಹೆಚ್ಚು, ಜನತಾದಳಕ್ಕೆ ಐದೂವರೆ. ಸ್ಥಾನಗಳು 17, 9, 2. ನಮ್ಮ ಪದ್ಧತಿ ಹಾಗಿದೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 45 ಮತಕ್ಕೆ 489ರಲ್ಲಿ 364 ಸ್ಥಾನ ಬಂದವು. ಸಮಾಜವಾದಿ ಪಕ್ಷಕ್ಕೆ ನೂರಕ್ಕೆ 10ಕ್ಕೂ ಹೆಚ್ಚು ಮತ ಬಂದು ದೊರೆತದ್ದು 12. ಸ್ಥಾನಗಳ ಪಟ್ಟಿ ನೋಡಿ ಜನರ ಮನಸ್ಸನ್ನು ಅಳೆಯಲು ಹೊರಟರೆ ತಪ್ಪು ಅಳತೆ ಸಿಗುತ್ತದೆ. ನಿಮ್ಮ ಪಕ್ಕದ ಅಂಗಡಿಯವನು ರಾತ್ರೋರಾತ್ರಿ ಬೇರೆ ಮನುಷ್ಯನಾಗಿಲ್ಲ.

ಬೈಯುವ ಭರದಲ್ಲಿ ಎರಡು ಕಡೆಯವರೂ ಮರೆತ ಮೂರನೆಯವನೊಬ್ಬನಿದ್ದಾನೆ. ಬೆಂಗಳೂರು ಕೇಂದ್ರದಲ್ಲಿ 24 ಲಕ್ಷಕ್ಕೂ ಹೆಚ್ಚು ಮತದಾರರು. 2024ರ ಏಪ್ರಿಲ್ 26ರಂದು ಮತಗಟ್ಟೆಗೆ ಬಂದವರು ನೂರಕ್ಕೆ 54. ಬಾರದವರು ಸುಮಾರು 11 ಲಕ್ಷ. ಗೆಲುವಿನ ಅಂತರದ ಮೂವತ್ತು ಪಟ್ಟಿಗೂ ಹೆಚ್ಚು ಜನ ಅಂದು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಲಿಲ್ಲ. ಇವರೆಲ್ಲ ಸೋಮಾರಿಗಳೆ? ಅಲ್ಲ. ಇವರಲ್ಲಿ ಪಟ್ಟಿಯಲ್ಲಿ ಹೆಸರಿದ್ದೂ ಊರು ಬಿಟ್ಟವರಿದ್ದಾರೆ, ಮನೆ ಬದಲಿಸಿದವರಿದ್ದಾರೆ, ತೀರಿಕೊಂಡವರೂ ಇದ್ದಾರೆ. ಹೀಗೆ ನಾವು ಪಟ್ಟಿಯ ಬಳಿಗೇ ಬಂದು ನಿಲ್ಲುತ್ತೇವೆ.

2025ರ ಆಗಸ್ಟ್ 7ರಂದು ಲೋಕಸಭೆಯ ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿಯವರು ಮಹದೇವಪುರದ ಪಟ್ಟಿಯಲ್ಲಿ 1,00,250 ಮತಗಳು ‘ಕಳವು’ ಎಂದು ಆಪಾದಿಸಿದರು. ಎರಡೆರಡು ಕಡೆ ಹೆಸರಿರುವವರು 11,965. ಸುಳ್ಳು ಇಲ್ಲವೆ ಅಸ್ತಿತ್ವದಲ್ಲಿಲ್ಲದ ವಿಳಾಸದವರು 40,009. ಒಂದೇ ವಿಳಾಸದಲ್ಲಿ ಗುಂಪಾಗಿರುವವರು 10,452. ಸರಿಯಾದ ಚಿತ್ರವಿಲ್ಲದವರು 4,132. ಹೊಸ ಮತದಾರರ ನಮೂನೆ 6ನ್ನು ದುರುಪಯೋಗ ಮಾಡಿದವರು 33,692. ಇದು ಅವರು ಕೊಟ್ಟ ವಿಂಗಡಣೆ. ಮರುದಿನ ಫ್ರೀಡಂ ಪಾರ್ಕಿನಲ್ಲಿ ಸಭೆಯಾಯಿತು. ಚುನಾವಣಾ ಆಯೋಗ ಆಪಾದನೆಯನ್ನು ಅಲ್ಲಗಳೆಯಿತು. ಪ್ರಮಾಣ ಮಾಡಿ ಸಹಿ ಹಾಕಿ ಕೊಡಿ, ಇಲ್ಲವೆ ಕ್ಷಮೆ ಕೇಳಿ ಎಂದಿತು. ವಿಶೇಷ ತನಿಖೆ ಬೇಕೆಂದು ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ಆ ವರ್ಷದ ಅಕ್ಟೋಬರಿನಲ್ಲಿ ಕೈಗೆತ್ತಿಕೊಳ್ಳದೆ, ಆಯೋಗದ ಬಳಿಗೇ ಹೋಗಿ ಎಂದಿತು.

ಇದರಲ್ಲಿ ಯಾರನ್ನು ನಂಬೋಣ ಎಂದು ನೀವು ಕೇಳುತ್ತೀರಿ. ನಾವು ಶಾಲೆಯಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತವರು. ಆ ಪುಸ್ತಕದ ಮಾತಿನಲ್ಲೇ ಹೇಳುತ್ತೇವೆ. ಊರು ಬಿಟ್ಟುಹೋದ ಹುಡುಗನ ಹೆಸರು ಪುಸ್ತಕದಲ್ಲಿ ಉಳಿದಿರುತ್ತದೆ. ಹೊಸದಾಗಿ ಬಂದ ಹುಡುಗಿಯ ಹೆಸರು ಏರಿರುವುದಿಲ್ಲ. ಒಬ್ಬನ ಹೆಸರನ್ನು ಎರಡು ಬಾರಿ ಬರೆದಿರುತ್ತದೆ. ಹೆಸರು ತಪ್ಪಾಗಿ ಉಳಿದಿದೆ ಎಂದ ಮಾತ್ರಕ್ಕೆ ಯಾರೋ ಅವನ ಪರವಾಗಿ ‘ಹಾಜರ್’ ಎಂದು ಕೂಗಿದರೆಂದು ಆಗುವುದಿಲ್ಲ. ಕೂಗಿದ್ದರೂ ಯಾವ ಪಕ್ಷಕ್ಕಾಗಿ ಕೂಗಿದನೆಂದು ಪುಸ್ತಕ ಹೇಳುವುದಿಲ್ಲ. ಇದನ್ನು ಆಪಾದನೆ ಹೊರಿಸುವವರು ನೆನಪಿಡಬೇಕು. ಆದರೆ ತಂದೆತಾಯಿಗಳು ಬಂದು ಪುಸ್ತಕ ತೋರಿಸಿ ಎಂದರೆ, ಮುಖ್ಯೋಪಾಧ್ಯಾಯರು ‘ಮೊದಲು ನೀವು ಪ್ರಮಾಣ ಮಾಡಿ’ ಎನ್ನುವುದು ಸರಿಯೆ? ಚುನಾವಣಾ ತಕರಾರು ಅರ್ಜಿಗೆ ಕಾನೂನು ಕೊಡುವ ಅವಧಿ 45 ದಿನ. ಲಕ್ಷಾಂತರ ಹೆಸರುಗಳ ಕಾಗದದ ಪಟ್ಟಿಯನ್ನು ಕೈಯಿಂದ ತಾಳೆ ನೋಡಲು ಆರು ತಿಂಗಳು ಹಿಡಿಯಿತೆಂದು ಕಾಂಗ್ರೆಸ್ಸು ಹೇಳಿತು. ಯಂತ್ರದಿಂದ ಹುಡುಕಬಹುದಾದ ರೂಪದಲ್ಲಿ ಪಟ್ಟಿಯನ್ನು ಎಲ್ಲ ಪಕ್ಷಗಳಿಗೂ ಕೊಟ್ಟರೆ ಸುಳ್ಳೂ ನಿಜವೂ ಬೇಗ ಬೇರ್ಪಡುತ್ತವೆ. ಪಟ್ಟಿ ಆಯೋಗದ ಸ್ವತ್ತಲ್ಲ, ಪಕ್ಷದ ಸ್ವತ್ತೂ ಅಲ್ಲ. ಅದು ನಮ್ಮ ನಿಮ್ಮ ಹೆಸರಿನ ಪುಸ್ತಕ.

ಈಗ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಮಾತಿಗೆ ಬರುತ್ತೇವೆ. ಒಂದೇ ಸಣ್ಣ ಕೋಣೆಯ ವಿಳಾಸದಲ್ಲಿ 80 ಮತದಾರರು ಎಂದು ಪತ್ರಿಕೆಗಳಲ್ಲಿ ಬಂತು; ಮನೆ ಸಂಖ್ಯೆಯ ಜಾಗದಲ್ಲಿ ಸೊನ್ನೆ ಇದೆ ಎಂದು ಬಂತು. ಓದಿದವರು ನಕ್ಕರು, ಕಳ್ಳ ಮತದಾರರು ಎಂದರು. ನಗುವ ಮುನ್ನ ಮಹದೇವಪುರ, ಕೃಷ್ಣರಾಜಪುರದ ಬಾಡಿಗೆ ಕೋಣೆಗಳ ಸಾಲಿನಲ್ಲಿ ಒಮ್ಮೆ ನಡೆದು ಬನ್ನಿ. ರಾಯಚೂರಿನಿಂದ, ಕಲಬುರಗಿಯಿಂದ, ಬಿಹಾರದಿಂದ, ಒಡಿಶಾದಿಂದ ಬಂದು ಗಾರ್ಮೆಂಟಿನಲ್ಲಿ, ಕಟ್ಟಡದಲ್ಲಿ, ಕಾವಲಿನಲ್ಲಿ ದುಡಿಯುವವರು ಅಲ್ಲಿ ವರ್ಷಕ್ಕೊಂದು ಕೋಣೆ ಬದಲಿಸುತ್ತಾರೆ. ಗುರುತಿನ ಚೀಟಿಗಾಗಿ ಆ ವಿಳಾಸ ಕೊಡುತ್ತಾರೆ, ಬಾಡಿಗೆ ಏರಿದ ಕೂಡಲೇ ಹೊರಡುತ್ತಾರೆ. ಹೆಸರು ಅಲ್ಲೇ ಉಳಿಯುತ್ತದೆ. ಮುಂದೆ ಬಂದವನ ಹೆಸರು ಅದರ ಕೆಳಗೆ ಕೂರುತ್ತದೆ. ನಂಬರೇ ಇಲ್ಲದ ತಗಡಿನ ಮನೆಗೆ ಸೊನ್ನೆಯಲ್ಲದೆ ಯಾವ ಅಂಕೆ ಬರೆಯುತ್ತಾರೆ? ಆ ಎಲ್ಲ ಹೆಸರೂ ಹೀಗೆಯೇ ಬಂದವೆಂದು ನಾವು ಹೇಳುವುದಿಲ್ಲ. ವಂಚನೆ ನಡೆದಿದ್ದರೆ ಪತ್ತೆಯಾಗಲಿ, ಮಾಡಿದವನಿಗೆ ಶಿಕ್ಷೆಯಾಗಲಿ. ಆದರೆ ಮನೆಯಿಲ್ಲದಿರುವುದನ್ನೇ ವಂಚನೆ ಎಂದು ಕರೆಯುವುದಕ್ಕೆ ನಾವು ಒಪ್ಪುವುದಿಲ್ಲ.

ಏಕೆಂದರೆ ಪಟ್ಟಿ ತೊಳೆಯುವ ಪೊರಕೆ ಎದ್ದಾಗ ಮೊದಲು ಗುಡಿಸಿಹೋಗುವುದು ಬಡವನ ಹೆಸರು. 1951-52ರಲ್ಲಿ, ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ್ದಕ್ಕೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಯಾರ ಹೆಸರು, ಯಾವ ಕಾರಣಕ್ಕೆ ಎಂದು ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಸತ್ತವರ ಹೆಸರು ಹೋಗಬೇಕು, ಸರಿ. ಬದುಕಿರುವವನು ಸಾಲಿನಲ್ಲಿ ನಿಂತು ‘ನಿನ್ನ ಹೆಸರಿಲ್ಲ’ ಎಂಬ ಮಾತು ಕೇಳಿಕೊಂಡು ಹಿಂದಿರುಗಿದರೆ ಅದೂ ಮತದ ಕಳವೇ.

ಹಾಗಾದರೆ ಮಾಡುವುದೇನು? ಭಾಷಣದಿಂದ ಪಟ್ಟಿ ಸರಿಹೋಗುವುದಿಲ್ಲ. ಒಂದು ಮತಗಟ್ಟೆಯ ಪಟ್ಟಿಯಲ್ಲಿ 1,200ರ ಆಸುಪಾಸು ಹೆಸರುಗಳು. ಬೀದಿ ಗೊತ್ತಿರುವ ಇಬ್ಬರು ಸಂಜೆ ಹೊತ್ತು ಕೂತರೆ ನಾಲ್ಕಾರು ದಿನದ ಕೆಲಸ. ಆ ಇಬ್ಬರಲ್ಲಿ ಒಬ್ಬರು ಒಂದು ಪಕ್ಷಕ್ಕೆ, ಇನ್ನೊಬ್ಬರು ಮತ್ತೊಂದಕ್ಕೆ ಓಟು ಹಾಕುವವರಾದರೆ ಇನ್ನೂ ಒಳ್ಳೆಯದು. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಹೊಸ ಹೆಸರಿಗೆ ನಮೂನೆ 6, ತೆಗೆಯಬೇಕಾದ ಹೆಸರಿಗೆ 7, ಮನೆ ಬದಲಿಸಿದ್ದಕ್ಕೆ ಮತ್ತು ತಿದ್ದುಪಡಿಗೆ 8. ಊರಿನಲ್ಲೂ ಇಲ್ಲೂ ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ನಿಮ್ಮಲ್ಲಿ ಹಾಗಿರುವವರು ಒಂದನ್ನು ನೀವೇ ಬಿಡಿ. ಮತಗಟ್ಟೆ ಮಟ್ಟದ ಅಧಿಕಾರಿ ಯಾರೆಂದು ತಿಳಿದುಕೊಳ್ಳಿ. ಬಹುಮಟ್ಟಿಗೆ ಅವರೊಬ್ಬ ಶಾಲಾ ಶಿಕ್ಷಕರೋ ಅಂಗನವಾಡಿಯ ಅಕ್ಕನೋ ಆಗಿರುತ್ತಾರೆ. ಅವರೂ ಸಂಬಳಕ್ಕೆ ದುಡಿಯುವವರು. ಅವರ ಮೇಲೆ ಕೂಗಾಡಬೇಡಿ, ಜತೆಗೆ ಮನೆ ತೋರಿಸಿ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಜನಪ್ರತಿನಿಧಿ ಕಾಯಿದೆಯ 135-ಬಿ ಕಲಮು ಹೇಳುತ್ತದೆ. ಗಿರಣಿಯ ಧಣಿಗೂ ಅದು ಅನ್ವಯಿಸುತ್ತದೆ, ಇಬ್ಬರು ಹುಡುಗರನ್ನಿಟ್ಟುಕೊಂಡ ಅಂಗಡಿಯ ಯಜಮಾನರೆ, ನಿಮಗೂ ಅನ್ವಯಿಸುತ್ತದೆ.

ಹಿಂದೆ ದಂಡು ಬೇರೆ, ಪೇಟೆ ಬೇರೆ ಇದ್ದವು. ಎರಡಕ್ಕೂ ಬೇರೆ ಬೇರೆ ಪುರಸಭೆ. 1949ರಲ್ಲಿ ಅವು ಒಂದಾಗಿ ಒಂದು ನಗರಪಾಲಿಕೆಯಾಯಿತು. ಕಾಗದದ ಮೇಲೆ ಅಳಿಸಿದ ಆ ಗೆರೆಯನ್ನು ಒಂದು ಚುನಾವಣೆಯ ಸಿಟ್ಟಿನಲ್ಲಿ ನಾವೇ ಮತ್ತೆ ಬೀದಿಯ ಮೇಲೆ ಎಳೆಯಬಾರದು. ಮುಂದಿನ ಸಲವೂ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ. ಸೋತವನು ‘ಹೌದು, ಎಣಿಕೆ ಸರಿಯಾಗಿಯೇ ಆಯಿತು’ ಎಂದು ಒಪ್ಪಿಕೊಂಡು ಮರುದಿನ ಪಕ್ಕದ ಅಂಗಡಿಯಲ್ಲಿ ಕೂತು ಚಹ ಕುಡಿಯುವಂತಾದರೆ ಜನತಂತ್ರ ಉಳಿದಂತೆ. ಅದಕ್ಕೆ ಬೇಕಾದ ಪಟ್ಟಿಯ ಕೆಲಸ ಬರುವ ಭಾನುವಾರ ಶುರುವಾಗಲಿ. ಹೆಸರು ಕೊಡುವವರು ಈಗಲೇ ಮುಂದೆ ಬನ್ನಿ.