ಕೊಡಗಿನ ಗುಡ್ಡಕ್ಕೆ ಡ್ರೋನ್ ಸಾಕಾ?

ಕೊಡಗಿಗೆ ಟ್ರಿಪ್ ಹೋದಾಗ ಗಮನಿಸಿದ್ದೀರಾ? ಸಿಗ್ನಲ್ ಸರಿಯಾಗಿ ಸಿಗದ ಕಡೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತೆ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು.

ಕಾಫಿ ತೋಟದ ಮಣ್ಣಲ್ಲಿ ತೇವಾಂಶ ಅಳೆಯೋ ಪುಟ್ಟ ಸೆನ್ಸರ್‌ನ ಕಷ್ಟವೂ ಅದೇ. ಅಳೆಯೋದಕ್ಕಿಂತ ಅದನ್ನು ದೂರಕ್ಕೆ ಕಳಿಸೋದಕ್ಕೇ ಹೆಚ್ಚು ಬ್ಯಾಟರಿ ಬೇಕು. ಬಯಲಲ್ಲೇ ದೂರ ಎರಡು ಪಟ್ಟಾದರೆ ಶಕ್ತಿ ಸುಮಾರು ನಾಲ್ಕು ಪಟ್ಟು ಬೇಕು. ಮರಗಳ ನಡುವೆ ಇನ್ನೂ ಜಾಸ್ತಿ. ಒಂದು ಸೆನ್ಸರ್ ಪಕ್ಕದ್ದಕ್ಕೆ ದಾಟಿಸುತ್ತಾ ಹೋದರೆ? ಕೊನೆಯಲ್ಲಿರೋದು ಎಲ್ಲರ ಮೂಟೆ ಹೊತ್ತು ಮೊದಲು ಸಾಯುತ್ತೆ.

ಅದಕ್ಕೇ ಡ್ರೋನ್ ಅನ್ನೋ ಅಂಚೆಯಣ್ಣ. ಸೆನ್ಸರ್ ಮಲಗಿರುತ್ತೆ, ಡ್ರೋನ್ ತಲೆ ಮೇಲೆ ಬಂದಾಗ ಎದ್ದು, ಕೂಡಿಟ್ಟ ಲೆಕ್ಕ ಒಪ್ಪಿಸಿ, ಮತ್ತೆ ಮಲಗುತ್ತೆ. ಹೂಮಳೆ ಬಾರದಿದ್ದಾಗ ರೊಬಸ್ಟಾಗೆ ಸ್ಪ್ರಿಂಕ್ಲರ್ ಯಾವಾಗ ಹಾಕೋದು ಅಂತ ನೋಡೋ ಬೆಳೆಗಾರರಿಗೆ ದಿನಕ್ಕೊಮ್ಮೆ ಬರೋ ಈ ಲೆಕ್ಕ ಸಾಕು.

ಆದರೆ ಭೂಕುಸಿತ ಕಾಯೋ ಸೆನ್ಸರ್‌ಗೆ ಈ ಉಪಾಯ ಸಾಲದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅಂಥ ಮಳೆ, ಗಾಳಿ, ಮಂಜಲ್ಲಿ ಸಣ್ಣ ಡ್ರೋನ್ ಹಾರಿಸೋದೇ ಕಷ್ಟ. ಅಪಾಯದ ಸುದ್ದಿ ಮಳೆ ನಿಲ್ಲೋವರೆಗೆ ಕಾಯಲ್ಲ. ಕೇರಳದ ಮುನ್ನಾರ್‌ನಲ್ಲಿ ಅಮೃತ ವಿಶ್ವವಿದ್ಯಾಪೀಠ ಗುಡ್ಡದೊಳಗೆ ಸೆನ್ಸರ್ ಹೂತು, ವೈರ್‌ಲೆಸ್ ಜಾಲದಲ್ಲಿ ನೇರವಾಗಿ ಡೇಟಾ ತರಿಸಿಕೊಳ್ಳೋ ವ್ಯವಸ್ಥೆ ಮಾಡಿದ್ದು ಅದಕ್ಕೇ.

ನಾನು ಹೇಳೋದಿಷ್ಟೇ: ತೋಟದಲ್ಲಿ ಬ್ಯಾಟರಿ ಉಳಿಸೋಣ. ಗುಡ್ಡದಲ್ಲಿ ಬ್ಯಾಟರಿ ಖರ್ಚಾದರೂ ಪರವಾಗಿಲ್ಲ, ಜೀವ ಉಳಿಯಲಿ.