ನಮ್ಮ ಉಳಿತಾಯ, ತೆರಿಗೆ ಮತ್ತು ಒಂದು ಸಹಿ



ಇವತ್ತು ನಾವು ತೆರಿಗೆ ವಿಷಯ ಮಾತಾಡೋಣ. “ತೆರಿಗೆ ಸಾಹುಕಾರರಿಗೆ, ನಮಗೇನು?” ಅಂತ ನೀವು ಕೇಳಬಹುದು. ಆದರೆ ನಮ್ಮ ಪಿ.ಎಫ್. ಹಣಕ್ಕೂ, ಬ್ಯಾಂಕಿನಲ್ಲಿ ಇಟ್ಟ ಹಣದ ಬಡ್ಡಿಗೂ ತೆರಿಗೆಯ ನಿಯಮ ಇದೆ. ಆ ನಿಯಮ ಆಗಾಗ ಬದಲಾಗುತ್ತದೆ. ತಿಳಿಯದೆ ಇದ್ದರೆ ನಷ್ಟ ನಮಗೇ.

ಮೊದಲು ಪಿ.ಎಫ್. ನೋಡೋಣ. ಪಿ.ಎಫ್. ಅಂದರೆ ಭವಿಷ್ಯ ನಿಧಿ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರ ಸಂಬಳದಲ್ಲಿ ಪ್ರತಿ ತಿಂಗಳು ಇದಕ್ಕೆ ಹಣ ಹಿಡಿಯುತ್ತಾರೆ. ಮಾಲೀಕರೂ ತಮ್ಮ ಪಾಲು ಕಟ್ಟುತ್ತಾರೆ. ವಯಸ್ಸಾದ ಮೇಲೆ ಇದೇ ನಮಗೆ ಆಸರೆ.

2016ರ ಫೆಬ್ರವರಿ 29ರಂದು ಕೇಂದ್ರದ ಬಜೆಟ್ ಬಂತು. ಪಿ.ಎಫ್. ತೆಗೆಯುವಾಗ ನೂರಕ್ಕೆ 60 ಪಾಲಿನ ಮೇಲೆ ತೆರಿಗೆ ಹಾಕುವ ಮಾತು ಅದರಲ್ಲಿತ್ತು. ದುಡಿಯುವ ಜನ ಬೇಡ ಎಂದರು. ಮಾರ್ಚ್ 8ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ವರ್ಷ ಇನ್ನೊಂದು ನಿಯಮ ಬಂತು. ಮಾಲೀಕರ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಮಂದಿ ರಸ್ತೆಗೆ ಇಳಿದರು. 19ರಂದು ಸರ್ಕಾರ ಆ ನಿಯಮವನ್ನೂ ವಾಪಸ್ಸು ತೆಗೆದುಕೊಂಡಿತು. ನಿಯಮ ಏನೆಂದು ತಿಳಿದವರೇ ಪ್ರಶ್ನೆ ಕೇಳಬಲ್ಲರು.

ಈಗಿನ ನಿಯಮ ಕೇಳಿ. ಐದು ವರ್ಷ ಸೇವೆ ಆದ ಮೇಲೆ ಪಿ.ಎಫ್. ತೆಗೆದರೆ ತೆರಿಗೆ ಇಲ್ಲ. ಅದಕ್ಕೆ ಮುಂಚೆ ಕೆಲಸ ಬಿಟ್ಟು ತೆಗೆದರೆ, ಹಣ 50,000 ರೂಪಾಯಿ ಅಥವಾ ಹೆಚ್ಚು ಇದ್ದರೆ, ಕೊಡುವಾಗಲೇ ನೂರಕ್ಕೆ 10 ಹಿಡಿಯುತ್ತಾರೆ. ಪಾನ್ ನಂಬರ್ ಕೊಡದಿದ್ದರೆ ನೂರಕ್ಕೆ 20. ಕಂಪನಿ ಬದಲಾಯಿಸಿದರೆ ಹಳೆಯ ಪಿ.ಎಫ್. ಹೊಸ ಕಡೆಗೆ ವರ್ಗ ಮಾಡಿಸಿ. ಆಗ ಎರಡೂ ಕಡೆಯ ಸೇವೆ ಸೇರಿಸಿ ಐದು ವರ್ಷ ಲೆಕ್ಕ ಹಾಕುತ್ತಾರೆ. ಅವಸರ ಬೇಡ.

ಇನ್ನು ಬ್ಯಾಂಕಿನ ಡಿಪಾಜಿಟ್. ಉಳಿತಾಯ ಖಾತೆಯ ಬಡ್ಡಿಯಲ್ಲಿ ಬ್ಯಾಂಕಿನವರು ತೆರಿಗೆ ಹಿಡಿಯುವುದಿಲ್ಲ. ಎಫ್.ಡಿ., ಆರ್.ಡಿ. ಬಡ್ಡಿಯಲ್ಲಿ ಹಿಡಿಯುತ್ತಾರೆ. ಇದಕ್ಕೆ ಒಂದು ಮಿತಿ ಉಂಟು. 2025ರ ಏಪ್ರಿಲ್ 1ರಿಂದ ಆ ಮಿತಿ ಹೆಚ್ಚಿತು. 60 ವರ್ಷದೊಳಗಿನವರಿಗೆ ವರ್ಷಕ್ಕೆ 40,000 ಇದ್ದದ್ದು 50,000 ಆಯಿತು. 60 ತುಂಬಿದವರಿಗೆ 50,000 ಇದ್ದದ್ದು ಒಂದು ಲಕ್ಷ ಆಯಿತು.

ಒಬ್ಬ ಅಕ್ಕ ಇದ್ದಾರೆ ಅನ್ನೋಣ. ವಯಸ್ಸು 58. ಪಿ.ಎಫ್. ಹಣವನ್ನು ಎಫ್.ಡಿ. ಇಟ್ಟಿದ್ದಾರೆ. ವರ್ಷಕ್ಕೆ 60,000 ಬಡ್ಡಿ. ಬೇರೆ ಆದಾಯ ಇಲ್ಲ. ಇವರಿಗೆ ತೆರಿಗೆ ಬೀಳುವುದೇ ಇಲ್ಲ. ಆದರೂ ಬ್ಯಾಂಕಿನವರು 6,000 ಹಿಡಿಯುತ್ತಾರೆ. ಪಾನ್ ಇಲ್ಲದಿದ್ದರೆ 12,000! ಎಷ್ಟು ತಿಂಗಳ ಅಕ್ಕಿ, ಬೇಳೆ ಅದು?

ಹಾಗಾದರೆ ಏನು ಮಾಡಬೇಕು? ಒಂದು ಫಾರಂಗೆ ಸಹಿ ಹಾಕಿ ಕೊಡಬೇಕು. “ನನ್ನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಬಡ್ಡಿಯಲ್ಲಿ ಹಿಡಿಯಬೇಡಿ” ಅಂತ ಅದರ ಅರ್ಥ. ಬಹಳ ವರ್ಷ ಇದನ್ನು 15ಜಿ, 60 ತುಂಬಿದವರಿಗಾದರೆ 15ಎಚ್ ಅಂತ ಕರೆಯುತ್ತಿದ್ದರು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಬಂದಿದೆ. ಆದ್ದರಿಂದ ಹಳೆಯ ನಂಬರ್ ನೆಚ್ಚಿಕೊಳ್ಳಬೇಡಿ. “ಬಡ್ಡಿಗೆ ತೆರಿಗೆ ಹಿಡಿಯದಿರುವ ಫಾರಂ ಕೊಡಿ” ಅಂತ ಕೇಳಿ.

ಈ ಫಾರಂ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಹೊಸದಾಗಿ ಕೊಡಬೇಕು. ಪಾನ್ ಬೇಕೇ ಬೇಕು. ಅದು ಆಧಾರ್‌ಗೆ ಜೋಡಣೆ ಆಗಿರಬೇಕು. ತೆರಿಗೆ ಬೀಳುವಷ್ಟು ಆದಾಯ ಇದ್ದರೆ ಕೊಡಬಾರದು. ಸುಳ್ಳು ಬರೆದು ಸಹಿ ಹಾಕುವುದು ಅಪರಾಧ.

ಈಗಾಗಲೇ ಹಿಡಿದಿದ್ದರೆ? ಹೆದರಬೇಡಿ. ಆದಾಯದ ರಿಟರ್ನ್ ಸಲ್ಲಿಸಿದರೆ ಆ ಹಣ ನಿಮ್ಮ ಖಾತೆಗೆ ವಾಪಸ್ಸು ಬರುತ್ತದೆ.

ಪಾಸ್ ಬುಕ್ಕಿನಲ್ಲಿ ಹಿಡಿದ ತೆರಿಗೆಯನ್ನು ಟಿ.ಡಿ.ಎಸ್. ಅಂತ ಇಂಗ್ಲಿಷಿನಲ್ಲಿ ಹಾಕಿರುತ್ತಾರೆ. ಆ ಮೂರು ಅಕ್ಷರ ನಾವು ಬೋರ್ಡಿನ ಮೇಲೆ ಬರೆದು ತೋರಿಸುತ್ತೇವೆ. ನಾಳೆ ನಿಮ್ಮ ನಿಮ್ಮ ಪಾಸ್ ಬುಕ್ ತಗೊಂಡು ಬನ್ನಿ. ಒಂದೊಂದೇ ಸಾಲು ಸೇರಿ ಓದೋಣ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತಿದ್ದೇವೆ. ಓದಿ ತಿಳಿದು ಸಹಿ ಹಾಕೋಣ.