ಹಿಂದಿನ ಬೆಂಚಿನ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ, ಶಾಲೆಯಲ್ಲಿ ಪ್ರತಿಭಾವಂತ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬುದು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ನಮ್ಮ ಶಾಲೆಯ ಪ್ರತಿಭೆ' ಎಂದು ಅಚ್ಚು ಹಾಕಿಸಿದ್ದೀರಿ. ಅಭಿಮಾನಕ್ಕೆ ಋಣಿ. ಆದರೆ ಅದನ್ನು ಓದಿ ನನಗೆ ಮುಜುಗರವಾಯಿತು. ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಗಣಿತದ ಮೇಷ್ಟ್ರು ಒಂದು ದಿನ ಪಾಠ ಬಿಟ್ಟು ಒಂದು ಪ್ರಶ್ನೆ ಕೇಳಿದರು. ಐವತ್ತು ಏಳುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆಯ ಬಿಡಿಸ್ಥಾನದಲ್ಲಿ ಯಾವ ಅಂಕಿ ಇರುತ್ತದೆ? ನಾನು ಮುಂದಿನ ಬೆಂಚಿನವನು, ಕ್ಲಾಸಿಗೆ ಫಸ್ಟು. ಗುಣಿಸುತ್ತಾ ಹೋದೆ, ಐದಾರು ಸಲಕ್ಕೇ ಹಾಳೆ ತುಂಬಿತು. ಹಿಂದಿನ ಬೆಂಚಿನಲ್ಲಿದ್ದ ನನ್ನ ಗೆಳೆಯ ಪೆನ್ನನ್ನೇ ತೆಗೆದಿರಲಿಲ್ಲ. ನೀರು ಕುಡಿಯಲು ಹೊರಗೆ ಹೋದಾಗ ನನಗೆ ಹೇಳಿದ: "ಇದು ನಮ್ಮ ಬೋರ್‌ವೆಲ್ ಪಾಳಿ ಇದ್ದಂಗೆ ಕಣೋ. ಏಳು, ಒಂಬತ್ತು, ಮೂರು, ಒಂದು. ಆಮೇಲೆ ಮತ್ತೆ ಏಳು. ನಾಲ್ಕು ಮನೆ ಪಾಳಿ. ಐವತ್ತನೇ ದಿನ ನೀರು ಯಾರಿಗೆ? ನಲವತ್ತೆಂಟಕ್ಕೆ ಹನ್ನೆರಡು ಸುತ್ತು ಮುಗೀತು, ಇನ್ನೆರಡು ಉಳೀತು. ಎರಡನೇ ಮನೆಗೆ. ಒಂಬತ್ತು."

ನಾನು ಒಳಗೆ ಬಂದು ಕೈ ಎತ್ತಿದೆ. ಉತ್ತರ ಹೇಳಿದೆ, ವಿವರಣೆಯನ್ನೂ ಕೊಟ್ಟೆ. ಬೋರ್‌ವೆಲ್ಲನ್ನು ಮಾತ್ರ ಬಿಟ್ಟೆ. ಮೇಷ್ಟ್ರು ಬೆನ್ನು ತಟ್ಟಿದರು, ತಾಲ್ಲೂಕು ಮಟ್ಟದ ರಸಪ್ರಶ್ನೆಗೆ ನನ್ನನ್ನೇ ಕಳಿಸಿದರು. ನಾನು ಬಾಯಿ ಬಿಡಲಿಲ್ಲ. ಅವನೂ ಏನೂ ಹೇಳಲಿಲ್ಲ.

ಮುಂದೆ ಬಿ.ಇ. ಓದುವಾಗ, ಅವನು ಹೇಳಿದ್ದು ಗಣಿತದ ಒಂದು ದೊಡ್ಡ ವಿಷಯ ಎಂದು ತಿಳಿಯಿತು. ಶೇಷದ ಗಣಿತ. ನಿಮ್ಮ ಮೊಬೈಲಿನಲ್ಲಿ ಹಣ ಕಳಿಸುವಾಗ ಗುಟ್ಟು ಕಾಯುವುದರ ಹಿಂದೆಯೂ ಅದೇ ಲೆಕ್ಕವಿದೆ. ಅದನ್ನು ಯಾರೂ ಹೇಳಿಕೊಡದೆ ಹದಿನಾಲ್ಕು ವರ್ಷದ ಹುಡುಗ ನೀರಿನ ಪಾಳಿಯಲ್ಲಿ ಕಂಡುಕೊಂಡಿದ್ದ. ಡೇರಿಯ ಬಟವಾಡೆ ದಿನ ಅಕ್ಕಪಕ್ಕದ ಮನೆಯವರು ಚೀಟಿ ಹಿಡಿದು ಅವನ ಹತ್ತಿರ ಬರುತ್ತಿದ್ದರು. ಲೀಟರು, ಫ್ಯಾಟು, ದರ ಎಲ್ಲ ಬಾಯಲ್ಲೇ ಹೇಳುತ್ತಿದ್ದ. ಪರೀಕ್ಷೆಯಲ್ಲಿ ಮಾತ್ರ ಗಣಿತಕ್ಕೆ ನಲವತ್ತು ದಾಟುತ್ತಿರಲಿಲ್ಲ. ಉತ್ತರ ಸರಿ, ಹಂತ ಬರೆದಿಲ್ಲ, ಅಂಕ ಇಲ್ಲ. ಹತ್ತನೇ ತರಗತಿ ಮುಗಿದ ಮೇಲೆ ಅವನು ಓದು ಮುಂದುವರಿಸಲಿಲ್ಲ.

ನಮ್ಮ ಮೇಷ್ಟ್ರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ದುಂಡಗೆ ಬರೆಯುವವನು, ಕೈ ಎತ್ತುವವನು, ಹೋಂವರ್ಕ್ ತರುವವನು ಮೊದಲು ಕಣ್ಣಿಗೆ ಬೀಳುತ್ತಾನೆ. ಇದು ನಮ್ಮೂರಿನ ಸಮಸ್ಯೆ ಮಾತ್ರವೂ ಅಲ್ಲ. ಅಮೆರಿಕದ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಅಸಾಧಾರಣ ಬುದ್ಧಿಯ ಮಕ್ಕಳನ್ನು ಹುಡುಕಲು ಹೊರಟ. ಮೊದಲು ಶಿಕ್ಷಕರಿಂದ ಹೆಸರು ಪಡೆದು, ಆಮೇಲೆ ಬುದ್ಧಿಮತ್ತೆಯ ಪರೀಕ್ಷೆ ಕೊಟ್ಟ. ಸಾವಿರಕ್ಕೂ ಹೆಚ್ಚು ಮಕ್ಕಳು ಆಯ್ಕೆಯಾದರು. ಪರೀಕ್ಷೆ ಬರೆದು ಆಯ್ಕೆಯಾಗದೆ ಹೊರಗುಳಿದವರಲ್ಲಿ ಇಬ್ಬರು ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದರು: 1956ರಲ್ಲಿ ವಿಲಿಯಂ ಶಾಕ್ಲಿ, 1968ರಲ್ಲಿ ಲೂಯಿಸ್ ಅಲ್ವಾರೆಜ್. ಟ್ರಾನ್ಸಿಸ್ಟರ್ ಸಂಶೋಧನೆಗೆ ನೊಬೆಲ್ ಹಂಚಿಕೊಂಡ ಮೂವರಲ್ಲಿ ಶಾಕ್ಲಿ ಒಬ್ಬ. ನನ್ನಂಥವರ ಅನ್ನವೇ ಅದರಿಂದ ಬಂದದ್ದು.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಕು, ಆದರೆ ಎಲ್ಲರಿಗೂ ಬೇಕು. ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಮೊದಲು ಶಿಕ್ಷಕರೂ ಪೋಷಕರೂ ಹೆಸರಿಸಿದ ಮಕ್ಕಳನ್ನಷ್ಟೇ ಪರೀಕ್ಷಿಸುತ್ತಿದ್ದರು. 2005ರ ಸುಮಾರಿಗೆ ಎರಡನೇ ತರಗತಿಯ ಪ್ರತಿಯೊಂದು ಮಗುವಿಗೂ ಪರೀಕ್ಷೆ ಕೊಡತೊಡಗಿದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ತೆಗೆದು ನೋಡಿದಾಗ, ಆಯ್ಕೆಯಾದವರಲ್ಲಿ ಬಡ ಮಕ್ಕಳೂ ಕಪ್ಪು ಮಕ್ಕಳೂ ಬಹಳ ಹೆಚ್ಚಿದ್ದರು. ಆ ಮಕ್ಕಳು ಹೊಸದಾಗಿ ಎಲ್ಲಿಂದಲೋ ಬಂದವರಲ್ಲ, ಅದೇ ಕ್ಲಾಸುಗಳಲ್ಲೇ ಕೂತಿದ್ದವರು. ಹಣವಿಲ್ಲವೆಂದು ಆ ವ್ಯವಸ್ಥೆ ನಿಂತಾಗ ಸಂಖ್ಯೆ ಮತ್ತೆ ಇಳಿಯಿತು.

ನಮ್ಮ ಕೈಯಲ್ಲೂ ಒಂದು ಅವಕಾಶ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಎನ್.ಎಂ.ಎಂ.ಎಸ್. ಪರೀಕ್ಷೆ ಇದೆ. 2008ರಲ್ಲಿ ಶುರುವಾದ ಕೇಂದ್ರದ ಯೋಜನೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿ.ಯು.ವರೆಗೆ ವರ್ಷಕ್ಕೆ 12,000 ರೂಪಾಯಿ. ಹತ್ತನೇ ತರಗತಿಗೆ ಓದು ನಿಲ್ಲಿಸುವ ಮನೆಯಲ್ಲಿ ಇದು ಸಣ್ಣ ಹಣವಲ್ಲ. ಎರಡು ಪತ್ರಿಕೆಗಳಲ್ಲಿ ಒಂದು ಬೌದ್ಧಿಕ ಸಾಮರ್ಥ್ಯದ್ದು, ಅದರಲ್ಲಿ ಹಂತ ಬರೆಯುವ ಗೋಜಿಲ್ಲ. ನನ್ನ ಗೆಳೆಯನಂಥವರಿಗೆ ಹೇಳಿ ಮಾಡಿಸಿದಂತಿದೆ. ತೊಡಕು ಏನೆಂದರೆ ಏಳನೇ ತರಗತಿಯಲ್ಲಿ ಶೇಕಡ 55 ಬಂದಿರಬೇಕು, ಪರಿಶಿಷ್ಟರಿಗೆ 50. ನಲವತ್ತರ ಹುಡುಗ ಅಲ್ಲೇ ಜಾರಿಹೋಗುತ್ತಾನೆ. ಆ ನಿಯಮ ಬದಲಿಸುವುದು ನಮ್ಮಿಂದಾಗದು. ಆದರೆ ಅರ್ಹರಾದವರಲ್ಲಿ 'ಇವನು ಪಾಸಾಗ್ತಾನೆ, ಇವನು ಆಗಲ್ಲ' ಎಂದು ನಾವೇ ಸೋಸುವುದನ್ನು ನಿಲ್ಲಿಸಬಹುದು. ಅರ್ಹರೆಲ್ಲರ ಅರ್ಜಿಯೂ ಹೋಗಲಿ. ಪೋಷಕರು ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೇ ದಿನ ನಾಡಕಚೇರಿಗೆ ಓಡಿದರೆ ಸಿಗುವುದಿಲ್ಲ.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಹಣವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರ ಬಹುಮಾನಕ್ಕೆ ಹೋಗುತ್ತಿದೆ. ಆಫೀಸಿನ ಹಲಗೆಯ ಮೇಲೆ ನನ್ನ ಹೆಸರೂ ಇದೆ. ಅಂಥ ಮಗುವನ್ನು ಅಂಕಪಟ್ಟಿಯೇ ಗುರುತಿಸುತ್ತದೆ, ಅದಕ್ಕೆ ನಾವು ಬೇಕಿಲ್ಲ. ಆ ಹಣದಲ್ಲಿ ಅರ್ಧವನ್ನಾದರೂ ಎಂಟನೇ ತರಗತಿಯ ಎಲ್ಲ ಮಕ್ಕಳ ಅಭ್ಯಾಸಕ್ಕೆ ಕೊಡೋಣ, ಶೇಕಡ 55 ಬಾರದವರನ್ನೂ ಸೇರಿಸಿ. ಹಂತ ಬರೆಯದೆ ಉತ್ತರ ಹೇಳುವ ಮಗು, ಕೇಳಬಾರದ್ದನ್ನು ಕೇಳಿ ಬೈಸಿಕೊಳ್ಳುವ ಮಗು, ಬೇಗ ಮುಗಿಸಿ ಪಕ್ಕದವರನ್ನು ಗೋಳು ಹುಯ್ದುಕೊಳ್ಳುವ ಮಗು ಇದ್ದರೆ ಗುರುಗಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಮನೆಯಲ್ಲಿ ಮಗು ಏನು ಲೆಕ್ಕ ಮಾಡುತ್ತದೆ, ಏನು ಬಿಚ್ಚಿ ಜೋಡಿಸುತ್ತದೆ ಎಂದು ತಾಯಂದಿರನ್ನೂ ಕೇಳಲಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಕೇಳಲೇಬೇಕು; ಕ್ಲಾಸಿನಲ್ಲಿ ಅವರು ಮಾತಾಡುವುದೇ ಕಡಿಮೆ.

ಈ ಕಥೆ ಹೇಳುತ್ತೇನೆ ಎಂದು ಮೊನ್ನೆ ಗೆಳೆಯನ ಮನೆಗೆ ಹೋಗಿ ಕೇಳಿದೆ. ಆರು ಹಸು ಕಟ್ಟಿದ್ದಾನೆ, ಚೆನ್ನಾಗಿಯೇ ಇದ್ದಾನೆ. "ಹೇಳು, ಹೆಸರು ಹೇಳಬೇಡ. ಪಾಪ ಅಂತ ಮಾತ್ರ ಅನ್ನಬೇಡ" ಎಂದ. ಆ ಪ್ರಶ್ನೆ ಅವನಿಗೆ ಇನ್ನೂ ನೆನಪಿತ್ತು. "ಏಳರ ಬದಲು ಎಂಟು ಹಾಕಿದ್ರೂ ನಾಲ್ಕೇ ಮನೆ ಪಾಳಿ, ಐದು ಹಾಕಿದ್ರೆ ಒಂದೇ ಮನೆ. ನೋಡಿದ್ದೀಯಾ?" ಎಂದು ಕೇಳಿದ. ನಾನು ನೋಡಿರಲಿಲ್ಲ.

ಎಂಟನೇ ತರಗತಿಗೆಂದು ಇಪ್ಪತ್ತು ಪ್ರಶ್ನೆಗಳ ಒಂದು ಪತ್ರಿಕೆ ಮಾಡಿ ತಂದಿದ್ದೇನೆ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆಯೋ ಅಷ್ಟೂ ಪ್ರತಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿವೆ. ಬರುವ ಶನಿವಾರ ನಾನೇ ಬಂದು ಕೂರುತ್ತೇನೆ.